ಕುಂಬಳಕಾಯಿ ಹಿಡಿದು ಕೂತವನು

ಮೊನ್ನೆ ಕತ್ತರಿ ಹುಡುಕುತ್ತ ಡ್ರಾಯರ್ ಎಳೆದರೆ ಕತ್ತರಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಕ್ಕಿತು. ಅದರಲ್ಲಿ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಸುರುಳಿಯೂ ಇತ್ತು. ಮುಕ್ಕಾಲು ಪಾಲು ಖರ್ಚಾಗಿ, ಅಂಚಿಗೆಲ್ಲ ಧೂಳು ಮೆತ್ತಿಕೊಂಡು, ಇನ್ನು ಯಾವುದಕ್ಕೂ ಅಂಟಲಾರದ ಸ್ಥಿತಿಯಲ್ಲಿತ್ತು. ಅದನ್ನು ಕಂಡವನೇ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಟೇಪು ನೋಡಿ ಸುಸ್ತಾಯಿತು ಎಂದರೆ ನೀವು ನಗಬಹುದು. ಆದರೆ ಇದೇ ಸುರುಳಿಯಿಂದ ಉಗುರಗಲದ ಒಂದು ತುಂಡು ಕತ್ತರಿಸಿ ನಾನು ನನ್ನ ಹೆಂಡತಿಗೆ ಮೋಸ ಮಾಡಿದ್ದೆ. ಬಹಳ ದಿನ ನಡೆದ ಮೋಸವಲ್ಲ, ಎರಡೇ ದಿನ. ಅದನ್ನು ಹೇಳಬೇಕೆಂದರೆ ನಮ್ಮಪ್ಪನ ಪೆಟ್ಟಿಗೆಯಿಂದಲೇ ಶುರು ಮಾಡಬೇಕು.

ಅಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಕೈ ತಾಗಿದರೆ ನಿಂತ ಯಂತ್ರ ತಿರುಗುತ್ತದೆ ಎಂದು ಕಾಲೊನಿಯಲ್ಲಿ ಹೆಸರಿತ್ತು. ನಮ್ಮ ಮನೆಯಲ್ಲಿ ಏನು ಕೆಟ್ಟರೂ ಅಂಗಡಿಗೆ ಹೋಗುತ್ತಿರಲಿಲ್ಲ. ಪಂಪ್ ಸ್ಟವ್, ರೇಡಿಯೋ, ಪಕ್ಕದ ಮನೆಯವರ ಹೊಲಿಗೆ ಯಂತ್ರ, ಎಲ್ಲವೂ ಅಪ್ಪನ ಮುಂದೆ ಚಾಪೆಯ ಮೇಲೆ ಬಿಚ್ಚಿಕೊಂಡು ಮಲಗುತ್ತಿದ್ದವು. ಅಪ್ಪ ಹೋದ ಮೇಲೆ ಅವರ ತಗಡಿನ ಪೆಟ್ಟಿಗೆ ನನ್ನ ಪಾಲಿಗೆ ಬಂತು. ಸ್ಪಾನರುಗಳೆಲ್ಲ ಬಂದವು, ಅವರ ಕೈ ಮಾತ್ರ ಬರಲಿಲ್ಲ. ನಾನು ಅದೇ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತ. ಸ್ಪಾನರುಗಳನ್ನು ಎಣಿಸಿ ರಿಜಿಸ್ಟರಿನಲ್ಲಿ ಬರೆಯುವುದು ನನಗೆ ಗೊತ್ತು. ಆದರೂ ಫಿಟ್ಟರನ ಮಗ ಅಂಗಡಿಗೆ ಇಸ್ತ್ರಿಪೆಟ್ಟಿಗೆ ಹೊತ್ತುಕೊಂಡು ಹೋಗುವುದುಂಟೇ? ನಾನೇ ರಿಪೇರಿ ಮಾಡಿದೆ. ಆಮೇಲೆ ಆ ಇಸ್ತ್ರಿಪೆಟ್ಟಿಗೆ ಹಿಡಿಯಲ್ಲಿ ಬಿಸಿಯಾಗತೊಡಗಿತು. ಪ್ರತಿ ರಿಪೇರಿ ಮುಗಿದಾಗಲೂ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. ನನ್ನ ಹೆಂಡತಿ ಗಿರಿಜಾ ಅವನ್ನೆಲ್ಲ ಉಪ್ಪಿನಕಾಯಿಯ ಹಳೆಯ ಬಾಟಲಿಯೊಂದರಲ್ಲಿ ಹಾಕಿಡುತ್ತಿದ್ದಳು. ಅದಕ್ಕೆ ಅವಳು ಒಂದು ಮಾತನ್ನೂ ಸೇರಿಸುತ್ತಿರಲಿಲ್ಲ ಎಂಬುದೇ ನನಗೆ ಕಷ್ಟವಾಗುತ್ತಿತ್ತು.

ಕಾರ್ಖಾನೆಯ ಆಯುಧಪೂಜೆ ನಿಮಗೆ ಗೊತ್ತಿರಬೇಕು. ವರ್ಷಕ್ಕೆ ಒಂದು ದಿನ ಮಾತ್ರ ನಮ್ಮಂಥ ಮಕ್ಕಳನ್ನು ಒಳಗೆ ಬಿಡುತ್ತಿದ್ದರು. ನಾನು ಬೆಲ್ಲ ಬೆರೆಸಿದ ಮಂಡಕ್ಕಿಯ ಪೊಟ್ಟಣ ಹಿಡಿದುಕೊಂಡು ಅಪ್ಪನ ಹಿಂದೆ ಹೋಗುತ್ತಿದ್ದೆ. ಬಾಳೆಕಂದು, ಚೆಂಡುಹೂವು, ಹೊಸ ಬಣ್ಣದ ವಾಸನೆ, ಗೇಟಿನ ಮುಂದೆ ಒಡೆದ ಬೂದುಗುಂಬಳಕಾಯಿ. ಉಳಿದವರೆಲ್ಲ ಯಂತ್ರದ ಮುಖದ ಮೇಲೆ ಎದ್ದು ಕಾಣುವ ಹಾಗೆ ವಿಭೂತಿ ಬಳಿಯುತ್ತಿದ್ದರು. ಅಪ್ಪ ಹಾಗಲ್ಲ. ಒಂದು ಮುಚ್ಚಳ ಬಿಚ್ಚಿ, ಒಳಗಿನ ಕಬ್ಬಿಣವನ್ನು ಬಟ್ಟೆಯಿಂದ ಒರೆಸಿ, ಅಲ್ಲಿ ಮೂರು ಬೆರಳಿನಿಂದ ಮೂರು ಗೆರೆ ಎಳೆದು ಮತ್ತೆ ಮುಚ್ಚಳ ಹಾಕುತ್ತಿದ್ದರು. ಯಾಕಪ್ಪಾ, ಯಾರಿಗೂ ಕಾಣಲ್ವಲ್ಲ ಎಂದು ನಾನು ಒಂದು ಸಲ ಕೇಳಿದ್ದೆ. "ಕೆಲಸ ಮಾಡೋದು ಒಳಗಿರೋದು ಕಣೋ. ಹೊರಗಿರೋದು ಬರೀ ತಗಡು" ಎಂದಿದ್ದರು. ನನಗೆ ಮಂಡಕ್ಕಿಯ ಮೇಲೆ ಗಮನವಿತ್ತು, ಮಾತು ಅಲ್ಲಿಗೇ ಬಿಟ್ಟೆ. ಗಿರಿಜಾ ಮದುವೆಯಾಗಿ ಬಂದ ವರ್ಷ ಅಪ್ಪ ಇದನ್ನೇ ಅವಳಿಗೂ ಹೇಳಿಕೊಟ್ಟರು. ಗ್ರೈಂಡರಿನ ತಳ ಬಿಚ್ಚಿ ಮೋಟಾರಿನ ಪಕ್ಕದಲ್ಲಿ ಅವಳ ಕೈಯಿಂದಲೇ ವಿಭೂತಿ ಹಚ್ಚಿಸಿದರು. ನಾನು ಮರೆತೆ, ಅವಳು ಮರೆಯಲಿಲ್ಲ. ಎಂಟನೇ ತರಗತಿಗೆ ವಿಜ್ಞಾನ ಪಾಠ ಮಾಡುವ ಟೀಚರ್ ಪ್ರತಿ ವರ್ಷ ಗ್ರೈಂಡರ್ ಬೋರಲು ಹಾಕಿ ವಿಭೂತಿ ಹಚ್ಚುತ್ತಾಳೆ ಎಂದರೆ ಅವಳ ಶಾಲೆಯವರು ನಂಬಲಿಕ್ಕಿಲ್ಲ.

ಇನ್ನು ಸ್ಕೂಟರಿನ ವಿಷಯ. ಇದನ್ನು ಹೇಳದೆ ಮುಂದೆ ಹೋಗಬಹುದಾದರೆ ಹೋಗುತ್ತಿದ್ದೆ.

ತೊಂಬತ್ತರ ದಶಕದ ನಡುವಿನಲ್ಲಿ ನಾವು ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿದೆವು. ಕೆಲಸ ಇಬ್ಬರಿಗೂ ಭದ್ರಾವತಿಯಲ್ಲೇ. ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಇಬ್ಬರೂ ಹೋಗುತ್ತಿದ್ದೆವು. ಅವಳನ್ನು ಶಾಲೆಯ ಮುಂದೆ ಇಳಿಸಿ ನಾನು ಕಾರ್ಖಾನೆಗೆ. ಒಂದು ಭಾನುವಾರ ಬ್ರೇಕ್ ಕೇಬಲ್ ಸಡಿಲವಾಯಿತೆಂದು ನಾನೇ ಹೊಸದು ಹಾಕಿದೆ. ಸೋಮವಾರ ನಿದಿಗೆ ಕೆರೆಯ ಹತ್ತಿರ ಮುಂದೆ ಕಬ್ಬಿನ ಗಾಡಿ ಅಡ್ಡ ಬಂತು. ಬ್ರೇಕ್ ಒತ್ತಿದೆ, ಪೆಡಲ್ ಸುಮ್ಮನೆ ಕೆಳಗೆ ಹೋಯಿತು. ನಾನು ಕಟ್ಟಿದ ಗಂಟು ಬಿಚ್ಚಿಕೊಂಡಿತ್ತು. ಪಕ್ಕಕ್ಕೆ ತಿರುಗಿಸಿದೆ, ಬಿದ್ದೆವು. ನನಗೆ ಮೊಣಕಾಲು ತರಚಿತು ಅಷ್ಟೆ. ಅವಳು ಬೀಳುವಾಗ ಬಲಗೈ ಊರಿದ್ದಳು. ಎರಡು ಬೆರಳು ಮುರಿದವು. ಒಂದು ಸರಿಹೋಯಿತು. ಉಂಗುರಬೆರಳು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ, ಮಧ್ಯದ ಗಂಟಿನಲ್ಲಿ ಮಡಚಿಕೊಂಡೇ ಇರುತ್ತದೆ.

ಅವಳು ಬೈಯಲಿಲ್ಲ. ಆಸ್ಪತ್ರೆಯಲ್ಲಿ, ಮನೆಯಲ್ಲಿ, ಅವಳ ತವರಿನವರ ಮುಂದೆ, ಎಲ್ಲಿಯೂ ಕೇಬಲ್ ಎಂಬ ಪದ ಬರಲಿಲ್ಲ. "ಗಾಡಿ ಅಡ್ಡ ಬಂತು" ಎಂದಷ್ಟೇ ಎಲ್ಲರಿಗೂ ಹೇಳಿದಳು. ಬೋರ್ಡಿನ ಮೇಲೆ ಬರೆಯಲು ಎಡಗೈ ರೂಢಿ ಮಾಡಿಕೊಂಡಳು, ಆರು ತಿಂಗಳಾದ ಮೇಲೆ ಮತ್ತೆ ಬಲಗೈಗೆ ಬಂದಳು. ನಾನು ಸ್ಕೂಟರ್ ಮಾರಿದೆ, ಪೆಟ್ಟಿಗೆಯನ್ನು ಅಟ್ಟದ ಮೇಲೆ ಹಾಕಿದೆ, ಹನ್ನೆರಡು ವರ್ಷ ಇಬ್ಬರೂ ಬಸ್ಸಿನಲ್ಲಿ ನಿಂತುಕೊಂಡು ಓಡಾಡಿದೆವು. ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಬೈಯದ ಕಾರಣ ಅದು ನನ್ನೊಳಗೆ ಹಾಗೆಯೇ ಉಳಿಯಿತು. ಅವಳು ಚಪಾತಿ ಲಟ್ಟಿಸುವಾಗ, ನೋಟ್‌ಬುಕ್ ತಿದ್ದುವಾಗ ಆ ಬೆರಳಿನ ಗಂಟು ಮೇಲೆದ್ದು ನಿಲ್ಲುತ್ತದೆ. ನಾನು ಬೇರೆ ಕಡೆ ನೋಡುತ್ತೇನೆ.

ಎರಡು ಸಾವಿರದ ಎಂಟರ ಸುಮಾರಿಗೆ ಕಾರು ಬಂತು. ಬೆಂಗಳೂರಿನ ಡಾಕ್ಟರೊಬ್ಬರು ಮಾರಿದ ಸೆಕೆಂಡ್ ಹ್ಯಾಂಡ್ ಕಾರು. ಅದರಲ್ಲಿ ಏರ್‌ಬ್ಯಾಗ್ ಇತ್ತು. ನಮ್ಮ ಬೀದಿಯಲ್ಲಿ ಆಗ ಅದು ಯಾರಿಗೂ ಇರಲಿಲ್ಲ. ಬಣ್ಣ, ಮೈಲೇಜು, ಟೈರು ಯಾವುದನ್ನೂ ಗಿರಿಜಾ ಕೇಳಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಒತ್ತಿದ ಆ ಅಕ್ಷರಗಳನ್ನು ಬೆರಳಿನಿಂದ ಸವರಿ, "ಇದು ಇರೋದಾದ್ರೆ ತಗೊಳ್ಳಿ" ಎಂದಳು. ಹನ್ನೆರಡು ವರ್ಷದ ನಂತರ ಅವಳು ಮತ್ತೆ ನನ್ನ ಪಕ್ಕದಲ್ಲಿ ಕೂತಳು. ಬೆಳಿಗ್ಗೆ ಗೋಪಾಳ ಬಿಟ್ಟು, ಹೊಳೆ ದಾಟಿ, ಮಲವಗೊಪ್ಪದ ಹೊತ್ತಿಗೆ ಅವಳ ಮಾತು ಶುರುವಾಗುತ್ತಿತ್ತು. ಹೆಡ್‌ಮಾಸ್ಟರರ ಜಿಪುಣತನ, ಯಾವುದೋ ಹುಡುಗಿ ಆಮ್ಲಜನಕಕ್ಕೆ ಬರೆದ ವಿವರಣೆ, ಅವರೆಕಾಯಿಗೆ ಇನ್ನೂ ಸೊಗಡು ಬಂದಿಲ್ಲ ಎಂಬ ದೂರು. ನಿದಿಗೆ ಕೆರೆ ಬಂದಾಗ ಮಾತು ಒಂದು ಕ್ಷಣ ನಿಲ್ಲುತ್ತಿತ್ತು, ದಾಟಿದ ಮೇಲೆ ಮತ್ತೆ ಹೊರಡುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಇಂಥ ಸುಖದಲ್ಲಿ ನಾನು ಸುಮ್ಮನಿರಬೇಕಿತ್ತು.

ಅವಳ ಸೀಟಿನ ಕೆಳಗೆ ಕಿರ್ ಕಿರ್ ಎಂದು ಸದ್ದು ಬರುತ್ತಿತ್ತು. ಆಯುಧಪೂಜೆಯ ಬೆಳಿಗ್ಗೆ ಕಾರು ತೊಳೆಯುವಾಗ ಇದನ್ನೂ ನೋಡಿಬಿಡೋಣ ಎಂದು ಅಟ್ಟದಿಂದ ಅಪ್ಪನ ಪೆಟ್ಟಿಗೆ ಇಳಿಸಿದೆ. ಗಿರಿಜಾ ಹೊಸ್ತಿಲ ಮೇಲೆ ನಿಂತು ಪೆಟ್ಟಿಗೆಯನ್ನೂ ನನ್ನನ್ನೂ ನೋಡಿದಳು.

"ಸೀಟು ಬಿಚ್ಚಲೇಬೇಕಾ?"

"ನಾಲ್ಕು ಬೋಲ್ಟು ಅಷ್ಟೆ ಮಾರಾಯ್ತಿ. ಬ್ರೇಕಿಗೇನೂ ಕೈ ಹಾಕಲ್ಲ."

ಬ್ರೇಕು ಎಂಬ ಪದ ನನ್ನ ಬಾಯಿಂದಲೇ ಬಂದಿದ್ದಕ್ಕೆ ನಾಲಗೆ ಕಚ್ಚಿಕೊಂಡೆ. ಅವಳು ಒಳಗೆ ಹೋದಳು. ನಾನು ಬೋಲ್ಟು ಬಿಚ್ಚಿ ಸೀಟನ್ನು ಹಿಂದಕ್ಕೆ ಮಗುಚಿದೆ. ಅದರ ಅಡಿಯ ತಗಡಿಗೆ ಒಂದು ಹಳದಿ ಪ್ಲಗ್ಗು ಕಚ್ಚಿಕೊಂಡಿತ್ತು, ಅದಕ್ಕೆ ಕೆಳಗಿನಿಂದ ವೈರು ಬಂದು ಸೇರಿತ್ತು. ಅಡ್ಡವಾಗುತ್ತದೆಂದು ಬೇರ್ಪಡಿಸಿದೆ. ಸೀಟು ಜಾರುವ ಹಳಿಗೆ ಗ್ರೀಸು ಹಚ್ಚಿದೆ. ಮಣ್ಣು, ಕಡಲೆಕಾಯಿ ಸಿಪ್ಪೆ, ಡಾಕ್ಟರ ಕಾಲದ ಒಂದು ಥರ್ಮಾಮೀಟರ್ ತೆಗೆದೆ. ಕೈತೊಳೆದು ಕನ್ನಡಕ ಹುಡುಕಲು ಒಳಗೆ ಹೋದೆ, ಅದು ಸಿಗಲಿಲ್ಲ. ವಾಪಸು ಬರುವ ಹೊತ್ತಿಗೆ ಗಿರಿಜಾ ಪೂಜೆಯ ತಟ್ಟೆ ಹಿಡಿದು ಕಾರಿನ ಸುತ್ತ ಓಡಾಡುತ್ತ ಚಕ್ರಗಳಿಗೆ ವಿಭೂತಿ ಹಚ್ಚುತ್ತಿದ್ದಳು. "ಹೊತ್ತಾಯ್ತು, ಬೇಗ ಮುಗ್ಸಿ" ಎಂದಳು. ನಾನು ಸೀಟನ್ನು ಇಳಿಸಿ, ಕೆಳಗೆ ಕೈ ತೂರಿಸಿ, ಕಣ್ಣಿಗೆ ಕಾಣದಿದ್ದರೂ ತಡಕಾಡಿ ಪ್ಲಗ್ಗು ಸೇರಿಸಿದೆ. ಟಕ್ ಎಂದಿತು. ಗಟ್ಟಿಯಾಗಿರಲಿ ಎಂದು ಅದರ ಮೇಲೆ ಈ ಟೇಪನ್ನು ನಾಲ್ಕು ಸುತ್ತು ಸುತ್ತಿದೆ. ಬೋಲ್ಟು ಬಿಗಿದೆ. ಒಂದೂ ಉಳಿಯಲಿಲ್ಲ. ನನ್ನ ಜೀವನದಲ್ಲೇ ಮೊದಲ ಸಲ ಎಂದು ಹೆಮ್ಮೆಯಾಯಿತು.

ಮಂಗಳಾರತಿಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು, ಕೀಲಿ ತಿರುಗಿಸಿ ಮುಂದಕ್ಕೆ ತೆಗೆದುಕೊಂಡೆ. ನಿಂಬೆಹಣ್ಣು ಚಪ್ಪಟೆಯಾಯಿತು. ಸ್ಪೀಡೋಮೀಟರಿನ ಪಕ್ಕದಲ್ಲಿ ಒಂದು ಕೆಂಪು ದೀಪ ಹತ್ತಿ, ಹಾಗೆಯೇ ನಿಂತಿತು. ಒಬ್ಬ ಮನುಷ್ಯ ಕೂತಿದ್ದಾನೆ, ಹೊಟ್ಟೆಯ ಮುಂದೆ ದುಂಡಗೆ ಏನೋ ಹಿಡಿದಿದ್ದಾನೆ. ಆಯುಧಪೂಜೆಯ ಗುಂಗಿನಲ್ಲಿದ್ದ ನನಗೆ ಅದು ಕುಂಬಳಕಾಯಿಯ ಹಾಗೆ ಕಂಡಿತು. ಒಡೆಯಲು ಹಿಡಿದುಕೊಂಡವನು ಒಡೆಯದೆ ಕೂತುಬಿಟ್ಟಿದ್ದ.

ಸಂಜೆ ಗಿರಿಜಾ ಕಾರಿನ ಪುಸ್ತಕ ತೆಗೆದು ಓದಿದಳು. ಅವಳದ್ದು ಎಲ್ಲವನ್ನೂ ಪುಸ್ತಕದಲ್ಲಿ ನೋಡುವ ಜಾತಿ. ಆ ದೀಪ ಉರಿಯುತ್ತಿದ್ದರೆ ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ದೋಷವಿದೆ, ಅಪಘಾತದಲ್ಲಿ ಅದು ಬಿಚ್ಚಿಕೊಳ್ಳದೆ ಇರಬಹುದು ಎಂದು ಬರೆದಿತ್ತು. ಪುಸ್ತಕ ಮುಚ್ಚಿದಳು. ಮರುದಿನದ ರಜೆ ಕಳೆದು ಶಾಲೆಗೆ ಹೊರಡುವಾಗ ಹಿಂದಿನ ಬಾಗಿಲು ತೆಗೆದು ಹಿಂದೆ ಕೂತಳು.

"ಮುಂದೆ ಬಾರೆ."

"ಆ ದೀಪ ಆರ್ಲಿ. ಆಮೇಲೆ ಬರ್ತೀನಿ."

ಅಷ್ಟೇ. ಸಿಟ್ಟಿಲ್ಲ, ಮುಖ ಊದಿಸಿಕೊಂಡಿದ್ದಿಲ್ಲ. ನಾನು ರಿಪೇರಿ ಮಾಡಿದ ವಸ್ತುವನ್ನು ನಂಬಿ ಅವಳು ಇನ್ನೊಮ್ಮೆ ಕೂರುವುದಿಲ್ಲ ಎಂದಷ್ಟೇ ಅರ್ಥ. ನನಗೆ ಅದು ಅವಳು ಬಿಡಿಸಿ ಹೇಳದೆಯೂ ಗೊತ್ತಾಯಿತು. ದೀಪ ಆರಿಸುವುದೆಂದರೆ ಅವಳನ್ನು ಮುಂದಕ್ಕೆ ಕರೆತರುವುದು ಎಂದಾಯಿತು. ಅವತ್ತಿನಿಂದ ಎಂಟು ತಿಂಗಳು ನನಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಹಿಂದೆ ಕೂತವಳೊಂದಿಗೆ ಮಾತಾಡಿ ನೋಡಿದ್ದೀರಾ? ಎಂಜಿನ್ನಿನ ಸದ್ದಿಗೆ ಅರ್ಧ ಕೇಳುವುದಿಲ್ಲ. "ಏನಂದೆ?" ಎಂದು ಎರಡು ಸಲ ಕೇಳಿದರೆ ಮೂರನೆಯ ಸಲ "ಏನಿಲ್ಲ ಬಿಡಿ" ಎಂಬ ಉತ್ತರ ಬರುತ್ತದೆ. ಅವಳು ನೋಟ್‌ಬುಕ್ ತೆಗೆದು ತಿದ್ದತೊಡಗಿದಳು. ಕನ್ನಡಿಯಲ್ಲಿ ಅವಳ ಬೈತಲೆ ಮಾತ್ರ ಕಾಣುತ್ತಿತ್ತು. ಶಾಲೆಯ ಮುಂದೆ ಇಳಿಸುವಾಗ ಹೊಸದಾಗಿ ಬಂದ ಮೇಷ್ಟರೊಬ್ಬರು ನನ್ನನ್ನು ನೋಡಿ, "ಸ್ವಲ್ಪ ಗಾಡಿ ಆ ಕಡೆ ಹಾಕಪ್ಪ" ಎಂದರು. ನಾನು ಹಾಕಿದೆ. ಐವತ್ತರ ಹತ್ತಿರದ ಡ್ರೈವರಿಗೆ ಯಾರು ಬಹುವಚನ ಕೊಡುತ್ತಾರೆ.

ರಿಪೇರಿಯ ಮೊದಲ ಮೂರು ತಿಂಗಳನ್ನು ಪೂರ್ತಿ ಹೇಳಿದರೆ ನೀವೂ ದಣಿಯುತ್ತೀರಿ. ಫ್ಯೂಸು ಬದಲಾಯಿಸಿದೆ, ದೀಪ ಹಾಗೆಯೇ. ಬ್ಯಾಟರಿಯ ತಂತಿ ಒಂದು ರಾತ್ರಿ ಬಿಚ್ಚಿಟ್ಟೆ, ಗಡಿಯಾರ ಮಾತ್ರ ತಪ್ಪು ಸಮಯ ತೋರಿಸತೊಡಗಿತು. ಕೀಲಿಯನ್ನು ಐದು ಸಲ ಹಿಂದೆ ಮುಂದೆ ತಿರುಗಿಸಿದರೆ ಆರುತ್ತದೆ ಎಂದು ಆಫೀಸಿನಲ್ಲಿ ಯಾರೋ ಹೇಳಿದರು. ಪ್ರತಿದಿನ ಕಾರ್ಖಾನೆಯ ಸ್ಟ್ಯಾಂಡಿನಲ್ಲಿ ಜಪದ ಹಾಗೆ ತಿರುಗಿಸಿದೆ. ನೋಡಬೇಕಾಗಿದ್ದ ಜಾಗ ಒಂದೇ, ಆ ಹಳದಿ ಪ್ಲಗ್ಗು. ಆದರೆ ಹಳದಿ ವೈರಿಗೆ ಕೈ ಹಾಕಿದರೆ ಚೀಲ ಪಟಾರನೆ ಸಿಡಿದು ಮುಖ ಸುಡುತ್ತದೆ ಎಂದು ಅದೇ ಆಫೀಸಿನ ಇನ್ನೊಬ್ಬರು ಹೆದರಿಸಿದ್ದರು. ಗೊತ್ತಿಲ್ಲದಿದ್ದಾಗ ಧೈರ್ಯವಾಗಿ ಬಿಚ್ಚಿದ್ದನ್ನು ಗೊತ್ತಾದ ಮೇಲೆ ಮುಟ್ಟಲು ನಡುಕ. ಸೀಟಿನ ಕೆಳಗೆ ಬಗ್ಗಿ ಟೇಪಿನ ಮೇಲೆ ಇನ್ನೊಂದು ಸುತ್ತು ಟೇಪು ಸುತ್ತಿ ಎದ್ದುಬಿಡುತ್ತಿದ್ದೆ. ಶೋರೂಮಿಗೂ ಹೋದೆ. ಅಲ್ಲಿನ ಟೈ ಕಟ್ಟಿದ ಯುವಕ ಇಂಗ್ಲಿಷಿನಲ್ಲಿ ವಿಷಾದಿಸಿ, ಇಡೀ ವೈರಿಂಗನ್ನೇ ಬೆಂಗಳೂರಿನಿಂದ ತರಿಸಬೇಕು, ಯಾವಾಗ ಬರುತ್ತದೋ ಹೇಳಲಾಗುವುದಿಲ್ಲ ಎಂದ. ಬರಲೇ ಇಲ್ಲ.

ಜನವರಿಯಲ್ಲಿ ನಾನು ಸೋತೆ. ಒಂದು ಬೆಳಿಗ್ಗೆ ಮೀಟರಿನ ಗಾಜಿನ ಮೇಲೆ, ಆ ಕುಂಬಳಕಾಯಿಯವನು ಕೂತ ಜಾಗಕ್ಕೆ ಸರಿಯಾಗಿ ಉಗುರಗಲ ಕಪ್ಪು ಟೇಪು ಅಂಟಿಸಿದೆ. ಕಪ್ಪಿನ ಮೇಲೆ ಕಪ್ಪು, ಗೊತ್ತೇ ಆಗುತ್ತಿರಲಿಲ್ಲ.

"ದೀಪ ಆರಿದೆ ನೋಡು" ಎಂದೆ.

ಅವಳು ಬಗ್ಗಿ ನೋಡಿದಳು. "ಏನ್ ಮಾಡಿದ್ರಿ?"

"ಏನೋ ಲೂಸ್ ಇತ್ತು. ಸರಿ ಮಾಡ್ದೆ."

ಅವಳು ಮುಂದೆ ಕೂತಳು. ಮಲವಗೊಪ್ಪ ದಾಟುತ್ತಲೇ ಮಾತು ಶುರುವಾಯಿತು, ಮೂರು ತಿಂಗಳ ಬಾಕಿಯೆಲ್ಲ ಹೊರಬಂತು. ನಾನು ನಗಬೇಕಾದ ಕಡೆ ನಕ್ಕೆ. ಎದುರಿನಿಂದ ಬರುವ ಪ್ರತಿ ಲಾರಿಯನ್ನೂ ನೋಡಿ, ಇವಳ ಮುಂದೆ ಏನೂ ಇಲ್ಲ, ಬರೀ ತಗಡು ಎಂದು ನೆನಪಾಗುತ್ತಿತ್ತು. ಅವಳು ಪಕ್ಕದಲ್ಲಿದ್ದ ಆ ಎರಡು ದಿನದಷ್ಟು ನಿಧಾನವಾಗಿ ನಾನು ಎಂದೂ ಕಾರು ಓಡಿಸಿಲ್ಲ. ಎತ್ತಿನ ಗಾಡಿಯವರು ಹಿಂದಿನಿಂದ ಕೂಗಿ ದಾರಿ ಕೇಳುತ್ತಿದ್ದರು.

ಎರಡನೆಯ ದಿನ ಸಂಜೆ ವಾಪಸು ಬರುವಾಗ ಬಿಸಿಲು ಗಾಜಿಗೆ ನೇರ ಹೊಡೆಯುತ್ತಿತ್ತು. ನಿದಿಗೆ ಕೆರೆಯ ಹತ್ತಿರವೇ ಅಂಟು ಬಿಟ್ಟು ಟೇಪು ಒಂದು ಬದಿಯಿಂದ ಸುರುಳಿಯಾಯಿತು, ಆಮೇಲೆ ನನ್ನ ತೊಡೆಯ ಮೇಲೆ ಬಿತ್ತು. ಕುಂಬಳಕಾಯಿಯವನು ಕೆಂಪಗೆ ಕೂತಿದ್ದ. ಗಿರಿಜಾ ದೀಪವನ್ನು ನೋಡಿದಳು, ನನ್ನ ತೊಡೆಯ ಮೇಲಿನ ಟೇಪನ್ನು ನೋಡಿದಳು.

"ಗಾಡಿ ನಿಲ್ಸಿ" ಎಂದಳು.

ನಿಲ್ಲಿಸಿದೆ. ಇಳಿದು ಹಿಂದೆ ಹೋಗಿ ಕೂತಳು. ಮನೆಯ ಬೀಗ ತೆಗೆಯುವಾಗ ಒಂದೇ ಮಾತು ಹೇಳಿದಳು. "ಕೆಟ್ಟಿದ್ರೆ ಕೆಟ್ಟಿದೆ ಅನ್ನಿ. ಸರಿಯಾಗಿದೆ ಅನ್ಬೇಡಿ." ಸ್ಕೂಟರಿನ ಹೊತ್ತಿನಲ್ಲಿ ಬರದೆ ಹೋದ ಬೈಗುಳವೆಲ್ಲ ಆ ಮಾತಿನಲ್ಲಿತ್ತು ಎಂದು ನನಗನಿಸಿತು.

ಆಮೇಲೆ ನಾನು ಯಾವ ಪ್ರಯತ್ನವನ್ನೂ ಮಾಡಲಿಲ್ಲ. ಅವಳು ಹಿಂದೆ, ನಾನು ಮುಂದೆ, ನಡುವೆ ಖಾಲಿ ಸೀಟು. ದೀಪವನ್ನು ನೋಡಿದರೆ ಸಿಟ್ಟೂ ಬರುತ್ತಿರಲಿಲ್ಲ, ನಾಚಿಕೆಯೂ ಸವೆದುಹೋಗಿತ್ತು, ಬರೀ ದಣಿವು. ಬೇಸಿಗೆ ಕಳೆಯಿತು. ಜೂನ್ ತಿಂಗಳಲ್ಲಿ ಭದ್ರಾವತಿಯಲ್ಲಿ ಕಾರಿನ ಹಾರ್ನು ಕೆಟ್ಟಿತು. ಹಾರ್ನಿಗಾಗಿ ಸೆಲ್ವರಾಜನ ಅಂಗಡಿಗೆ ಹೋದೆ. ಸೆಲ್ವರಾಜ್ ಆಟೋ ಎಲೆಕ್ಟ್ರಿಷಿಯನ್, ಅಂಗಡಿ ಸೇತುವೆಯ ಹತ್ತಿರ. ಅವನ ತಂದೆ ನಮ್ಮಪ್ಪನ ಕೈಕೆಳಗೆ ಕೆಲಸ ಕಲಿತವರು. ಅದೇ ಕಾರಣಕ್ಕೆ ನಾನು ಅಲ್ಲಿಗೆ ಹೋಗುತ್ತಿರಲಿಲ್ಲ. ಫಿಟ್ಟರನ ಮಗನಿಗೆ ಏನೂ ಬರುವುದಿಲ್ಲ ಎಂದು ಆ ಮನೆಗೆ ತಿಳಿಯುವುದು ಬೇಡ ಎಂಬ ಬಿಗುಮಾನ.

ಹಾರ್ನು ಐದು ನಿಮಿಷದಲ್ಲಿ ಕೂಗಿತು. ಅವನು ದೀಪದ ಕಡೆ ಬೆರಳು ತೋರಿಸಿದ.

"ಇದು ಎಷ್ಟು ದಿನ್ದಿಂದ ಸಾರ್?"

"ಆಯುಧಪೂಜೆಯಿಂದ."

"ಅಯ್ಯೋ, ಇಷ್ಟ್ ದಿನಾನಾ? ಹೇಳೋದಲ್ವಾ ಸಾರ್. ಕೊಯಮತ್ತೂರಿಂದ ಸ್ಕ್ಯಾನರ್ ತಂದಿದೀನಿ ನಾನು." ಒಂದು ಪೆಟ್ಟಿಗೆಯಂಥದ್ದನ್ನು ತಂದು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದ. ಪರದೆ ನೋಡಿ ತಲೆದೂಗಿದ. "ಎಡಗಡೆ ಸೀಟು ಕೆಳಗೆ ಕನೆಕ್ಷನ್ ಸರೀ ಇಲ್ಲ ಅಂತಾ ಐತೆ. ಬೇರೆ ಎಲ್ಲಾ ಒಳ್ಳೇದೈತೆ. ಸೀಟು ಯಾರು ಬಿಚ್ಚಿದ್ದು?"

"ನಾನೇ" ಎಂದೆ. ಎಂಟು ತಿಂಗಳಲ್ಲಿ ಅಷ್ಟು ಹಗುರವಾಗಿ ಯಾವ ತಪ್ಪನ್ನೂ ಒಪ್ಪಿಕೊಂಡಿರಲಿಲ್ಲ.

ಅವನು ಬ್ಯಾಟರಿಯ ತಂತಿ ಬಿಚ್ಚಿದ. "ಹತ್ತು ನಿಮಿಷ ಟೀ ಕುಡಿಯಣ ಸಾರ್. ಒಳಗೆ ಇರೋ ಕರೆಂಟೆಲ್ಲಾ ಇಳೀಬೇಕು. ಆಮೇಲೆ ಮುಟ್ಟಿದ್ರೆ ಏನೂ ಆಗಲ್ಲ." ಅಷ್ಟೇ ಇದ್ದದ್ದು ವಿದ್ಯೆ. ಟೀ ಕುಡಿದೆವು. ನಮ್ಮಪ್ಪ ಅವನ ತಂದೆಗೆ ಕಿವಿ ಹಿಂಡಿ ಅರ ಹಿಡಿಯಲು ಕಲಿಸಿದ್ದನ್ನು ಹೇಳಿ ನಕ್ಕ. ಆಮೇಲೆ ಬೋಲ್ಟು ತೆಗೆದು ಸೀಟನ್ನು ಹಿಂದಕ್ಕೆ ಮಗುಚಿದ. ನನ್ನ ಟೇಪನ್ನು ಸುತ್ತು ಸುತ್ತಾಗಿ ಬಿಡಿಸುತ್ತ, "ಏನ್ ಸಾರ್, ಬ್ಯಾಂಡೇಜ್ ಹಾಕಿದೀರಾ" ಎಂದ. ಪ್ಲಗ್ಗನ್ನು ಬಿಚ್ಚಿ ಬೆಳಕಿಗೆ ಹಿಡಿದ.

"ಇಲ್ಲಿ ನೋಡಿ. ಪಿನ್ನು ಮೇಲೆ ಬೂದಿ. ನೀರಲ್ಲಿ ಕಲ್ಸಿ ಹಚ್ಚಿದಾರೆ, ಒಳಗೆ ಇಳ್ದು ಒಣಗಿ ಗಟ್ಟಿಯಾಗೈತೆ. ಹೆಂಗೆ ಸಾರ್ ಕನೆಕ್ಷನ್ ಸಿಗತ್ತೆ? ಆಯುಧಪೂಜೆ ಮಾಡೋದೇ, ಬೇಡ ಅನ್ನಲ್ಲ. ಆದ್ರೆ ಕನೆಕ್ಟರ್ ಬಾಯಿಗೆ ಯಾರು ಮಾಡ್ತಾರೆ?"

ನಾನು ಬಗ್ಗಿ ಸೀಟಿನ ಅಡಿಯ ತಗಡನ್ನು ನೋಡಿದೆ. ಈ ಸಲ ಕನ್ನಡಕವಿತ್ತು. ತಗಡನ್ನು ಯಾರೋ ಮೊದಲು ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿದ್ದರು. ಅದರ ಮೇಲೆ ವಿಭೂತಿಯ ಗೆರೆಗಳು. ಮೇಲಿನದು ಉದ್ದಕ್ಕೂ ಇತ್ತು. ಎರಡನೆಯದೂ ಉದ್ದಕ್ಕೂ ಇತ್ತು. ಮೂರನೆಯದು ಪ್ಲಗ್ಗು ಕಚ್ಚಿದ್ದ ಜಾಗದ ಮೇಲೆ ಹಾದು, ಅರ್ಧದಲ್ಲೇ ನಿಂತಿತ್ತು. ಅಲ್ಲಿಂದ ಮುಂದೆ ಬೆರಳು ತಗಡಿಗೆ ತಾಗಿರಲಿಲ್ಲ.

ನಮ್ಮ ಮನೆಯ ಗ್ರೈಂಡರಿನ ತಳದಲ್ಲಿ, ಹೊಲಿಗೆ ಯಂತ್ರದ ಹೊಟ್ಟೆಯಲ್ಲಿ ಹದಿಮೂರು ವರ್ಷದಿಂದ ಹೀಗೆಯೇ ಎರಡೂವರೆ ಗೆರೆ ಇರುತ್ತದೆ. ನಾನು ಕನ್ನಡಕಕ್ಕೆಂದು ಒಳಗೆ ಹೋದಾಗ ಅವಳು ಬಂದು ಹಚ್ಚಿದ್ದಳು. ನಾನು ಬಿಚ್ಚಿದ್ದನ್ನು ನೋಡಿ ಹೆದರಿ ಹಚ್ಚಿದ್ದಳೋ, ಮಾವ ಹೇಳಿಕೊಟ್ಟಿದ್ದಕ್ಕೆ ಹಚ್ಚಿದ್ದಳೋ. ಎಂಟು ತಿಂಗಳು ಹೊತ್ತ ತಪ್ಪು ನನ್ನದಲ್ಲ ಎಂದು ಗೊತ್ತಾದಾಗ ಕುಣಿಯಬೇಕಿತ್ತು. ಮೊದಲ ಕ್ಷಣ ಹಾಗೆನಿಸಿತು ಕೂಡ, ಸುಳ್ಳು ಯಾಕೆ. ಇದನ್ನು ಒಯ್ದು ಅವಳ ಮುಂದೆ ಹಿಡಿಯುವ ಚಿತ್ರವೂ ಕಣ್ಣ ಮುಂದೆ ಬಂತು. ಆದರೆ ಆ ಮೂರನೆಯ ಗೆರೆ ಯಾಕೆ ಅರ್ಧ ಎಂಬುದಕ್ಕೆ ಉತ್ತರ ಕೊಡಬೇಕಾದವನು ನಾನೇ ಆಗಿದ್ದೆ.

ಸೆಲ್ವರಾಜ್ ಬ್ರಷ್ಷಿನಿಂದ ಪಿನ್ನು ಉಜ್ಜಿ, ಏನೋ ಸ್ಪ್ರೇ ಹೊಡೆದು, ಒಣಗಿಸಿ ಪ್ಲಗ್ಗು ಸೇರಿಸಿದ. ಒದ್ದೆ ಬಟ್ಟೆ ಹಿಡಿದು ತಗಡಿನ ಕಡೆ ಕೈ ಚಾಚಿದ. "ಇದೂ ಒರ್ಸಿಬಿಡ್ಲಾ ಸಾರ್?"

"ಬೇಡ. ಅದು ಇರ್ಲಿ" ಎಂದೆ.

ಬ್ಯಾಟರಿ ಸೇರಿಸಿ, ಸ್ಕ್ಯಾನರಿನಲ್ಲಿ ಹಳೆಯ ದೋಷ ಅಳಿಸಿ ಕೀಲಿ ತಿರುಗಿಸಿದ. ಕುಂಬಳಕಾಯಿಯವನು ಒಂದು ಸಲ ಕಾಣಿಸಿಕೊಂಡು ಹೊರಟುಹೋದ. ಸಂಜೆ ಗಿರಿಜಾಳನ್ನು ಕರೆಯಲು ಶಾಲೆಯ ಮುಂದೆ ಹೋದಾಗ ಮೀಟರಿನ ಗಾಜನ್ನು ನನ್ನ ಉಗುರಿನಿಂದ ಕೆರೆದು ತೋರಿಸಿದೆ, ಟೇಪಿಲ್ಲ ಎಂದು. ಅವಳೂ ಕೆರೆದು ನೋಡಿದಳು. ಅವಳು ಹಾಗೆ ಮಾಡಿದ್ದರಲ್ಲಿ ತಪ್ಪಿಲ್ಲ.

"ಏನಾಗಿತ್ತಂತೆ?"

"ನನ್ನ ತಪ್ಪೇ. ಪ್ಲಗ್ಗು ಸರಿಯಾಗಿ ಸೇರ್ಸಿರ್ಲಿಲ್ಲ. ಸೆಲ್ವರಾಜ್ ಸರಿ ಮಾಡ್ದ."

ಕೆಟ್ಟಿದ್ದರೆ ಕೆಟ್ಟಿದೆ ಅನ್ನಿ ಎಂದಿದ್ದಳು. ಅಂದೆ. ಅದು ಟೇಪಿನಷ್ಟೇ ಸುಳ್ಳು, ಆದರೆ ಅಂಟು ಗಟ್ಟಿಯಿತ್ತು. ಅವಳು ಮುಂದಿನ ಬಾಗಿಲು ತೆಗೆದು ಕೂತಳು. ಮಲವಗೊಪ್ಪ ಬರುವ ಹೊತ್ತಿಗೆ ಹೆಡ್‌ಮಾಸ್ಟರರ ಸುದ್ದಿ ಶುರುವಾಯಿತು.

ಮುಂದಿನ ಆಯುಧಪೂಜೆಯ ಬೆಳಿಗ್ಗೆ ನಾನು ಕಾರಿಗೆ ನೀರು ಹಾಕುತ್ತಿದ್ದೆ. ಪೆಟ್ಟಿಗೆ ಅಟ್ಟದ ಮೇಲೆಯೇ ಇತ್ತು. ಗಿರಿಜಾ ತಟ್ಟೆ ಹಿಡಿದು ಬಂದಳು.

"ಸೀಟು ಬಿಚ್ಚಲ್ವಾ ಈ ಸಲ?"

"ಇಲ್ಲ ಮಾರಾಯ್ತಿ. ಕೈಮುಗಿದೆ ಅದಕ್ಕೆ."

"ಹಂಗಾದ್ರೆ ಒಳಗೆ ಹಚ್ಚೋದು ಹೆಂಗೆ?"

"ಹೋದ ವರ್ಷದ್ದು ಹಂಗೇ ಇದ್ಯಲ್ಲ" ಎಂದುಬಿಟ್ಟೆ. ಬಾಯಿ ಜಾರಿತು. ಪೈಪಿನಿಂದ ನೀರು ಸುರಿಯುತ್ತಲೇ ಇತ್ತು.

ಅವಳು ತಟ್ಟೆಯೊಳಗಿನ ಒದ್ದೆ ವಿಭೂತಿಯನ್ನು ನೋಡಿದಳು, ಕಾರಿನ ಎಡಗಡೆಯ ಬಾಗಿಲನ್ನು ನೋಡಿದಳು. ಎಂಟನೇ ತರಗತಿಗೆ ವಿದ್ಯುತ್ತಿನ ಪಾಠ ಮಾಡುವವಳಿಗೆ ಇನ್ನೇನು ಬಿಡಿಸಿ ಹೇಳಬೇಕು. ಮುಖ ಬಾಡಿತು.

"ಅದಕ್ಕೇ ಹತ್ತಿದ್ದಾ ದೀಪ?"

"ಪ್ಲಗ್ಗು ಸರಿಯಾಗಿ ಕೂತಿರ್ಲಿಲ್ಲ ಅಂದೆನಲ್ಲ."

"ಸುಳ್ಳು ಹೇಳಕ್ಕೆ ನಿಮಗೆ ಬರಲ್ಲ. ಟೇಪು ಬೇಕು."

ನಾನು ನಲ್ಲಿ ನಿಲ್ಲಿಸಿದೆ. ಅವಳು ತಟ್ಟೆಯನ್ನು ಕಾರಿನ ಮೇಲಿಟ್ಟಳು. ಆಮೇಲೆ ಹದಿಮೂರು ವರ್ಷದಲ್ಲಿ ಮೊದಲ ಸಲ ಆ ಮಾತು ತೆಗೆದಳು.

"ಆ ಕೇಬಲ್ಲಿಂದ ಇವತ್ತಿನವರೆಗೂ ನೀವು ಏನ್ ಬಿಚ್ಚಿದ್ರೂ ನಂಗೆ ಹೆದ್ರಿಕೆ. ಅದಕ್ಕೇ ಹಚ್ಚಿದ್ದು. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ."

"ಗೊತ್ತು" ಎಂದೆ.

"ಕೈ ಕೊಡಿ ಇಲ್ಲಿ."

ನೀರು ಸೋರುತ್ತಿದ್ದ ಬಲಗೈ ಚಾಚಿದೆ. ಅವಳು ಸೆರಗಿನಿಂದ ಅದನ್ನು ಒರೆಸಿದಳು, ಅಪ್ಪ ಯಂತ್ರದ ಒಳಗಿನ ಕಬ್ಬಿಣ ಒರೆಸುತ್ತಿದ್ದ ಹಾಗೆ. ತಟ್ಟೆಯಲ್ಲಿ ಮೂರು ಬೆರಳು ಅದ್ದಿ ನನ್ನ ಕೈಯ ಹಿಂಭಾಗದ ಮೇಲೆ ಎಳೆದಳು. "ಕೆಲಸ ಮಾಡೋದು ಇದೇ ಅಲ್ವಾ" ಎಂದಳು. ತಣ್ಣಗೆ ಎರಡು ಗೆರೆ ಉದ್ದಕ್ಕೂ ಬಂದವು. ಮೂರನೆಯದು ಅರ್ಧಕ್ಕೆ ಬಂದು ನಿಂತಿತು. ಅವಳು ಆ ಬೆರಳನ್ನು ಎಡಗೈಯಿಂದ ಒತ್ತಿ ಹಿಡಿದು ಉಳಿದರ್ಧವನ್ನು ಎಳೆಯಲು ನೋಡಿದಳು. ನಾನು ಬೇಡ, ಇಷ್ಟಿರಲಿ ಎಂದೆ.

ಅವತ್ತು ಕೈ ತೊಳೆಯಲಿಲ್ಲ, ಹಬ್ಬದ ಊಟವನ್ನು ನಾನು ಚಮಚದಲ್ಲಿ ಉಂಡೆ.